ಅತ್ತೆಯ ದನಿ ಹಿಡಿಯದ ಮಿಷನ್ನು

ಕಿವಿ ಮಿಷನ್ನಿನ ಮೇಲೆ ಜನ ನಾನಾ ನಮೂನೆಯ ದೂರು ಹೇಳುತ್ತಾರೆ. ಕೀಂಯ್ ಅನ್ನುತ್ತದೆ, ಕಿವಿ ನವೆಯಾಗುತ್ತದೆ, ಕನ್ನಡಕದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಮಿಕ್ಕಿದ್ದೆಲ್ಲ ಸರಿಯಾಗಿದೆ, ಹೆಂಡತಿಯ ದನಿ ಒಂದು ಮಾತ್ರ ತಪ್ಪಾಗಿ ಬರುತ್ತಿದೆ, ಅದೊಂದನ್ನು ರಿಪೇರಿ ಮಾಡಿಕೊಡಿ ಎಂದು ಮೂರು ಸಲ ಬಸ್ಸು ಹತ್ತಿಕೊಂಡು ಬಂದು ಜಗಳ ಕಾದವರು ಈ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಮನೆಯ ರಾಗಿ ಬೀಸಿಕೊಡುವವರು ಯಾರು?

ಮಾವನದು ಕೌದಳ್ಳಿಯಲ್ಲಿ ರಾಗಿ ಮಿಲ್ಲು. ಮೂವತ್ತೈದು ವರ್ಷ ಬೆಲ್ಟು, ಮೋಟಾರು, ಕಲ್ಲುಗಳ ಗದ್ದಲದಲ್ಲಿ ನಿಂತೂ ನಿಂತೂ ಅವರ ಕಿವಿ ಹಿಟ್ಟಾಗಿ ಹೋಯಿತು. ಒಂದೇ ದಿನ ಹೋದದ್ದಲ್ಲ. ಮೊದಲು ಸೊಳ್ಳೆ ಹೋಯಿತು, ಆಮೇಲೆ ಗೋಡೆ ಗಡಿಯಾರ ಹೋಯಿತು, ಆಮೇಲೆ ನಾವೆಲ್ಲ ಹೋದೆವು. ವ್ಯಾಪಾರಕ್ಕೇನೂ ತೊಂದರೆಯಾಗಲಿಲ್ಲ ಬಿಡಿ. ಮಿಲ್ಲಿಗೆ ಬರುವವರು ಕನ್ನಡದವರಿರಲಿ, ತಮಿಳಿನವರಿರಲಿ, ಕೇಳುವುದು ಒಂದೇ ಪ್ರಶ್ನೆ, ಯಾವಾಗ ಆಗುತ್ತದೆ ಎಂದು. ಅದಕ್ಕೆ ಮಾವನ ಹತ್ತಿರ ಇದ್ದದ್ದು ಒಂದೇ ಉತ್ತರ: "ಅರ್ಧ ಗಂಟೆ ಬುಟ್ಟು ಬನ್ನಿ." ಎದುರಿನವರ ತುಟಿ ಅಲ್ಲಾಡಿದರೆ ಸಾಕು, ಈ ಉತ್ತರ ತಾನಾಗಿ ಹೊರಬೀಳುತ್ತಿತ್ತು. ಒಂದು ಸಲ ಮೇಲಿನ ಬೀದಿಯ ಯಜಮಾನರು ತೀರಿಕೊಂಡರೆಂದು ಅವರ ಮನೆಯವರು ಬಂದು ಹೇಳಿದಾಗಲೂ ಮಾವ ತಲೆಯಾಡಿಸಿ, "ಅರ್ಧ ಗಂಟೆ ಬುಟ್ಟು ಬನ್ನಿ, ನುಣ್ಣುಗ್ ಮಾಡಿ ಮಡ್ಗಿರ್ತೀನಿ" ಅಂದುಬಿಟ್ಟರು!

ಮಾವನ ಕಿವಿ ಹೋದ ಮೇಲೆ ಮಾತು ಅನ್ನುವುದು ನಮ್ಮ ಅತ್ತೆಯ ಪಾಲಿಗೆ ಮೈಮುರಿಯುವ ಕೆಲಸವಾಯಿತು. ಅತ್ತೆ ಮನೆಯಿಂದ ಊಟಕ್ಕೆ ಕರೆದರೆ ಮಾವ ಬರುವ ಮೊದಲು ಬೆಟ್ಟದ ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ಒಮ್ಮೆ ತಿರುಗಿ ನೋಡುತ್ತಿದ್ದರು. ಗುಟ್ಟು ಅನ್ನುವ ವಸ್ತುವೇ ಆ ಮನೆಯಲ್ಲಿ ಉಳಿಯಲಿಲ್ಲ. ಮಗಳಿಗೆ ಗಂಡು ನೋಡುತ್ತಿರುವ ವಿಚಾರ ಹೇಳಿ, ಯಾರಿಗೂ ಬಾಯಿ ಬಿಡಬೇಡಿ ಎಂದು ಅತ್ತೆ ಕೂಗಿ ಎಚ್ಚರಿಸಿದ್ದು ಮೂರನೆಯ ಬೀದಿಯವರಿಗೂ ಕೇಳಿಸಿತು. ಅವರೂ ಪಾಪ, ಮಾತಿಗೆ ತಪ್ಪದೆ ಯಾರಿಗೂ ಹೇಳಲಿಲ್ಲ.

ಈ ಅತ್ತೆ ಒಂದು ಕಾಲಕ್ಕೆ ಸೋಬಾನೆ ಹಾಡುವುದರಲ್ಲಿ ಎತ್ತಿದ ಕೈ ಎಂದರೆ ಈಗಿನವರು ನಂಬುವುದಿಲ್ಲ. ಮಾವ ಅವರ ಮುಖ ನೋಡುವ ಮೊದಲು ಕೇಳಿದ್ದು ಅವರ ದನಿಯನ್ನು. ಮಧುವನಹಳ್ಳಿಯಲ್ಲಿ ಯಾರದೋ ಮದುವೆ. ಊಟ ಮುಗಿಸಿ ಕೈತೊಳೆಯುತ್ತಿದ್ದ ಮಾವನಿಗೆ ಚಪ್ಪರದೊಳಗಿಂದ ಹಾಡು ಕೇಳಿಸಿತು. ಬಿಂದಿಗೆಯ ನೀರು ಖಾಲಿಯಾಗುವ ತನಕ ಕೈತೊಳೆಯುತ್ತಲೇ ನಿಂತಿದ್ದರಂತೆ! ಮರುವಾರವೇ ಹಿರಿಯರನ್ನು ಕಟ್ಟಿಕೊಂಡು ಹೆಣ್ಣು ಕೇಳಲು ಹೋದರು. ಈ ಕಥೆಯನ್ನು ಮಾವ ನಮಗೆ ನೂರು ಸಲ ಹೇಳಿದ್ದಾರೆ. ಹೇಳುವಾಗ ಅತ್ತೆ ಸೆರಗು ಅಡ್ಡ ಹಿಡಿದುಕೊಂಡು ಒಳಗೆ ಹೋಗುತ್ತಾರೆ.

ಹೋದ ವರ್ಷ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಒಂದು ಶಾಸ್ತ್ರ ಇಟ್ಟುಕೊಂಡಿದ್ದೆವು. ಹೆಂಗಸರೆಲ್ಲ ಹಾಡಲು ಕೂತರು. ಅತ್ತೆಗೂ ಹೇಳಿದರು. ಅತ್ತೆ ತಲೆಯಾಡಿಸಿ ಹೂ ಕಟ್ಟುವ ನೆಪದಲ್ಲಿ ಎದ್ದು ಹೋದರು. ದೂರದಲ್ಲಿ ಕೂತು ಇದನ್ನು ನೋಡುತ್ತಿದ್ದ ಮಾವ ನನ್ನನ್ನು ಪಕ್ಕಕ್ಕೆ ಕರೆದರು.

"ನಂಗ್ ಕೇಳ್ಸಲ್ಲ ಅಂತ ಅವ್ಳು ಪದ ಆಡಾದ್ನೇ ಬುಟ್ಬುಟ್ಳು ಕಣವ್ವ. ಆ ಮಿಷಿನ್ನು ಅದೇನದೋ ಅದ ಕೊಡ್ಸು. ಒಂದೇ ಒಂದ್ಸಲ ಕೇಳ್ಬೇಕು."

ಹತ್ತು ವರ್ಷದಿಂದ ಮಗಳು, ಅಳಿಯ, ನಾನು ಎಲ್ಲರೂ ಸೇರಿ ಗೋಗರೆದರೂ ಜಗ್ಗದ ಮನುಷ್ಯ ಈಗ ತಾನಾಗಿ ಕೇಳುತ್ತಿದ್ದಾರೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅತ್ತೆ ಹಾಡು ಬಿಟ್ಟದ್ದಕ್ಕೆ ಕಾರಣ ಅದಲ್ಲ. ಅವರ ಗಂಟಲು ಒಡೆದುಹೋಗಿ ಯಾವ ಕಾಲವಾಯಿತೋ! ಮಾತಾಡಿದರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತದೆ. ಇದು ಮಾವನೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುವ ಸಂಗತಿ. ಹೇಳುವ ಧೈರ್ಯ ಯಾರಿಗಿತ್ತು? ನನಗಂತೂ ಇರಲಿಲ್ಲ. ಆಗಲಿ ಮಾವ ಎಂದು ಕೈಸನ್ನೆ ಮಾಡಿದೆ.

ಕೊಳ್ಳೇಗಾಲದಲ್ಲೇ ಕಿವಿ ಪರೀಕ್ಷೆ ಮಾಡುವ ಜಾಗವೊಂದಿದೆ. ಅಲ್ಲಿದ್ದವಳು ಉಡುಪಿ ಕಡೆಯ ಹುಡುಗಿ, ಬಹಳ ಅಚ್ಚುಕಟ್ಟು. ಮಾವನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ತಲೆಗೆ ಹೆಡ್‌ಫೋನು ಹಾಕಿ, ಮೊದಲು ಕುಂಯ್ ಕುಂಯ್ ಸದ್ದುಗಳನ್ನು ಕೇಳಿಸಿದಳು. ಕೇಳಿಸಿದರೆ ಕೈ ಎತ್ತಬೇಕು. ಅದು ಸುಸೂತ್ರವಾಗಿ ಮುಗಿಯಿತು. ಆಮೇಲೆ ಪದಗಳ ಪರೀಕ್ಷೆ. ಅವಳು ಮೈಕಿನಲ್ಲಿ ಒಂದು ಪದ ಹೇಳುವುದು, ಮಾವ ಅದನ್ನೇ ತಿರುಗಿ ಹೇಳುವುದು. ನಾನು ಅವಳ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಮಾವ ಒಂದಾದ ಮೇಲೊಂದು ಪಟಪಟ ಹೇಳುತ್ತಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಆದರೆ ಆ ಹುಡುಗಿ ಕಾಗದದ ಮೇಲೆ ತಪ್ಪು, ತಪ್ಪು ಎಂದು ಗೀಚುತ್ತಲೇ ಇದ್ದಾಳೆ! ಕೊನೆಗೆ ಮುಖ ಸಪ್ಪೆ ಮಾಡಿಕೊಂಡು, ಅಜ್ಜನಿಗೆ ಮಾತು ಗುರುತಿಸುವ ಶಕ್ತಿ ತುಂಬ ಕಮ್ಮಿ, ಸದ್ದು ಜಾಸ್ತಿಯೇ ಇಡಬೇಕಾಗುತ್ತದೆ ಅಂದಳು. ತಿಂಗಳೊಳಗೆ ಹೊಂದಿಕೆಯಾಗದಿದ್ದರೆ ವಾಪಸು ಕೊಡಬಹುದು ಎಂದೂ ಹೇಳಿದಳು. ಸರಿ, ಓದಿದವಳು ಹೇಳುತ್ತಾಳೆ ಎಂದು ನಾನೂ ಸುಮ್ಮನಾದೆ.

ಮಿಷನ್ನು ಹಾಕಿಕೊಂಡು ಹೊರಗೆ ಬಂದ ಮಾವ ನಾಲ್ಕು ಹೆಜ್ಜೆ ಇಟ್ಟು ಗಕ್ಕನೆ ನಿಂತು ಹಿಂದೆ ತಿರುಗಿ ನೋಡಿದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗಿದರು. ಯಾರೋ ಹಿಂಬಾಲಿಸಿಕೊಂಡು ಬರುತ್ತಿದ್ದಾರೆ ಎಂದರು. ಬರುತ್ತಿದ್ದದ್ದು ಅವರದೇ ಚಪ್ಪಲಿ! ಬಸ್‌ ಸ್ಟ್ಯಾಂಡಿನಲ್ಲಿ ಪಕ್ಕದವರು ಕಡಲೆಕಾಯಿ ಪೊಟ್ಟಣ ಬಿಚ್ಚಿದ್ದಕ್ಕೆ ಬೆಚ್ಚಿಬಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದಾಗಂತೂ ಎದ್ದು ನಿಂತು ಅವನಿಗೆ ಬುದ್ಧಿ ಹೇಳಿದರು. ನಾನು ತೋಳು ಹಿಡಿದು ಕೂರಿಸಬೇಕಾಯಿತು.

ಕೌದಳ್ಳಿ ಮನೆಯ ಬಾಗಿಲಲ್ಲಿ ಅತ್ತೆ ಕಾದಿದ್ದರು. ವರ್ಷಗಳ ಅಭ್ಯಾಸ ನೋಡಿ, ಬಂದಿರಾ, ಕಾಲು ತೊಳೆದುಕೊಳ್ಳಿ ಎಂದು ಎಂದಿನಂತೆ ಕೂಗಿ ಹೇಳಿದರು. ಮಾವ ಎರಡೂ ಕಿವಿ ಮುಚ್ಚಿಕೊಂಡರು. ಆಮೇಲೆ ಅತ್ತೆಯ ಭುಜದ ಮೇಲಿಂದ ಒಳಗೆ ಇಣುಕಿ ನೋಡಿ, ಮನೆಗೆ ಯಾರು ಬಂದಿದ್ದಾರೆ ಎಂದು ಕೇಳಿದರು. ಯಾರೂ ಬಂದಿರಲಿಲ್ಲ. ಅತ್ತೆ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಆ ವಾರ ಮಾವ ಪಟ್ಟ ಪಾಡು ಒಂದೆರಡಲ್ಲ. ಊಟಕ್ಕೆ ಹಪ್ಪಳ ಹಾಕಿದರೆ ಕಡಿದ ಸದ್ದಿಗೆ ಹೌಹಾರಿದರು. ಮರುದಿನದಿಂದ ಹಪ್ಪಳವನ್ನು ಸಾರಿನಲ್ಲಿ ನೆನೆಹಾಕಿ, ಸದ್ದಡಗಿದ ಮೇಲೆ ತಿನ್ನತೊಡಗಿದರು. ಮಿಲ್ಲು ಓಡುವಾಗ ಮಿಷನ್ನು ತೆಗೆದಿಡಬೇಕೆಂದು ಆ ಹುಡುಗಿ ಹೇಳಿದ್ದಳು. ಮಾವ ಮರೆತು ಮೋಟಾರು ಹಾಕಿದರು. ಹಾಕಿದವರೇ, ಬೆಲ್ಟು ಕಿತ್ತುಹೋಯಿತೆಂದು ಹೊರಗೆ ಓಡಿದರು! ಮೂವತ್ತೈದು ವರ್ಷ ತಮ್ಮ ಜೊತೆ ಬಾಳಿದ್ದು ಇಂಥ ರಾಕ್ಷಸ ಎಂದು ಅವರಿಗೆ ಅಂದೇ ಗೊತ್ತಾದದ್ದು.

ಕರೆಂಟು ಹೋದಾಗ ಮಾತ್ರ ಮಜವಿತ್ತು. ಕೌದಳ್ಳಿಯಲ್ಲಿ ಕರೆಂಟಿಗೆ ಹೋಗುವುದೇ ಕೆಲಸ. ಹೋದಾಗ ಹೆಂಗಸರು ರಾಗಿಯ ಡಬ್ಬಗಳನ್ನಿಟ್ಟುಕೊಂಡು ಮಿಲ್ಲಿನ ಜಗಲಿಯ ಮೇಲೆ ಕೂತು ಮಾತಾಡುತ್ತಾರೆ, ಮಾವನನ್ನು ಎದುರಿಗೇ ಇಟ್ಟುಕೊಂಡು ಮಾವನ ವಿಷಯವನ್ನೇ. ಮಾವ ತಲೆಗೆ ಟವೆಲ್ಲು ಸುತ್ತಿ ಮಿಷನ್ನು ಮುಚ್ಚಿಕೊಂಡು ಮೂರು ದಿನ ಎಲ್ಲವನ್ನೂ ಕೇಳಿಸಿಕೊಂಡರು. ನಾಲ್ಕನೆಯ ದಿನ ಒಬ್ಬಾಕೆ, ಈ ಕಿವುಡಪ್ಪ ಹಿಟ್ಟನ್ನು ತರಿತರಿ ಬೀಸುತ್ತಾನೆ ಕಣೇ ಎಂದು ಪಕ್ಕದವಳಿಗೆ ಹೇಳಿದಳು. ಮಾವ ತಲೆ ಕೂಡ ಎತ್ತದೆ, "ಕಲ್ಲು ಆರ್ಸಿ ರಾಗಿ ತಕ್ಕಂಡ್ ಬಾ ತಾಯಿ, ನುಣ್ಣುಗಾಯ್ತದೆ" ಅಂದರು. ಆಕೆ ಡಬ್ಬ ಬಿಟ್ಟು ಹೋದವಳು ಎರಡು ದಿನ ಆ ಕಡೆ ತಲೆ ಹಾಕಲಿಲ್ಲವಂತೆ.

ಇಷ್ಟೆಲ್ಲ ಆದರೂ ಮಾವನಿಗೆ ಸಮಾಧಾನವಿಲ್ಲ. ಒಂದು ಬೆಳಿಗ್ಗೆ ಕೊಳ್ಳೇಗಾಲಕ್ಕೆ ಬಂದಿಳಿದರು. ನಾನು ಯಳಂದೂರಿನ ಹೈಸ್ಕೂಲಿಗೆ ಹೊರಟು ನಿಂತಿದ್ದೆ. ರಜೆ ಹಾಕಿಸಿದರು. "ಎಲ್ಲಾರ್ ದನೀನೂ ಬತ್ತದೆ. ನಮ್ಮವ್ಳ ದನಿ ಮಾತ್ರ ಬರಾಕಿಲ್ಲ. ಬ್ಯಾರೆ ಯಾರ್ದೋ ಬತ್ತದೆ" ಎಂದರು.

ಸದ್ದು ಜಾಸ್ತಿ ಇಟ್ಟಿರುವುದರಿಂದ ಹೀಗಿರಬಹುದು ಎಂದು ಆ ಹುಡುಗಿ ಇನ್ನೊಮ್ಮೆ ಪರೀಕ್ಷೆಗೆ ಕೂರಿಸಿದಳು. ಹಕ್ಕಿ ಅಂದಳು. ಮಾವ ಅಕ್ಕಿ ಅಂದರು. ಅವಳು ತಪ್ಪು ಹಾಕಿ, ಅಲ್ಲ ಅಜ್ಜ, ಸರಿಯಾಗಿ ಕೇಳಿ, ಹಕ್ಕಿ ಅಂದಳು. ಮಾವನಿಗೆ ರೇಗಿತು.

"ನಾನೂ ಅದ್ನೇ ಕಣವ್ವ ಏಳ್ತಿರಾದು. ಅಕ್ಕಿ. ಮರದ್ ಮ್ಯಾಲೆ ಕುಂತ್ಕತದಲ್ಲ, ಅಕ್ಕಿ."

ಹುಡುಗಿ ಪೆನ್ನು ಕೆಳಗಿಟ್ಟಳು. ಹಾಗಾದರೆ ಅನ್ನ ಮಾಡುವುದು ಯಾವುದರಿಂದ ಎಂದು ಕೇಳಿದಳು. ಅದೂ ಅಕ್ಕಿಯೇ ಎಂದು ಮಾವ ಹೇಳಿದರು. ಅವಳು ನನ್ನ ಕಡೆ ತಿರುಗಿದಳು. ಹಾಲು ಕೇಳಿದರೆ ಆಲು, ಹೂವು ಕೇಳಿದರೆ ಊವು, ಹಣ್ಣು ಕೇಳಿದರೆ ಅಣ್ಣು! ಹುಲಿ ಅಂದದ್ದಕ್ಕೆ ಉಲಿ ಅಂದರೆಂದು ಅದಕ್ಕೂ ತಪ್ಪು ಬಿದ್ದಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿ ಇಟ್ಟುಕೊಂಡಿರುವವರು ನಾವು, ಅದರ ಹೆಸರಿಗೆ ನಮಗೇ ತಪ್ಪು ಹಾಕಿದರೆ ಹೇಗೆ? ನಮ್ಮ ಕಡೆ ಹಕಾರ ಇಲ್ಲ ಮೇಡಂ, ಇದುವರೆಗೆ ಯಾರೂ ಹಕ್ಕಿ ಬೇಯಿಸಿ ಅನ್ನ ಬಡಿಸಿಲ್ಲ ಎಂದು ನಾನು ಸಮಜಾಯಿಷಿ ಕೊಟ್ಟೆ. ಮೊದಲ ದಿನ ಪಕ್ಕದಲ್ಲೇ ಕೂತಿದ್ದ ನೀವು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ಏನು ಹೇಳಲಿ? ನನ್ನ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತ್ತು. ಇನ್ನೊಂದು ವಿಷಯ ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ: ಯಳಂದೂರಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಡಂ.

ಸದ್ದು ಇಳಿಸಿಕೊಟ್ಟಳು. ಚಪ್ಪಲಿ ಹಿಂಬಾಲಿಸುವುದು ನಿಂತಿತು, ಹಪ್ಪಳ ಗರಿಗರಿಯಾಗಿಯೇ ಹೊಟ್ಟೆಗೆ ಹೋಗತೊಡಗಿತು. ಆದರೆ ಹತ್ತು ದಿನಕ್ಕೆ ಮಾವ ಮತ್ತೆ ಬಂದರು, ಅದೇ ದೂರು. ರೇಡಿಯೋದಲ್ಲಿ ಮುಳ್ಳು ಒಂದು ಕೂದಲಷ್ಟು ಜರುಗಿದರೆ ಬೇರೆ ಸ್ಟೇಷನ್ನು ಬರುತ್ತದಲ್ಲ, ಹಾಗೆ ಏನೋ ಆಗಿದೆ, ಚೂರು ತಿರುಗಿಸಿಕೊಡಿ ಎಂದು ಕೇಳಿದರು. ಅವಳು ಏನೋ ಒತ್ತಿ ಕಳಿಸಿದಳು.

ಆ ಭಾನುವಾರ ನಾನು ಕೌದಳ್ಳಿಗೆ ಹೋದೆ. ಮನೆ ಮೌನವಾಗಿತ್ತು. ಅತ್ತೆ ಬಾಯಿ ಬಿಡುತ್ತಲೇ ಇರಲಿಲ್ಲ! ಊಟಕ್ಕೆ ಕರೆಯುವುದು ತಟ್ಟೆ ತೋರಿಸಿ, ನೀರು ಬೇಕೇ ಎನ್ನುವುದು ಚೊಂಬು ಎತ್ತಿ. ಮಾವ ನನ್ನ ಹತ್ತಿರ ಬಂದು, "ನಂಗೆ ಕಿವಿ ಬಂತು, ಅವ್ಳ ಬಾಯಿ ಓಯ್ತಲ್ಲವ್ವ" ಎಂದರು. ನಗು ಬಂತು. ಆದರೆ ಅವರು ನಗಲಿಲ್ಲ. ಇನ್ನು ನಾಲ್ಕು ದಿನಕ್ಕೆ ತಿಂಗಳು ತುಂಬುತ್ತದೆ, ವಾಪಸು ಕೊಟ್ಟುಬಿಡುತ್ತೇನೆ, ಆ ದನಿ ಬಾರದ ಮೇಲೆ ಕರೆಂಟು ಹೋದಾಗ ಊರವರ ಮಾತು ಕೇಳುವುದಕ್ಕೆ ನನಗ್ಯಾಕೆ ಮಿಷನ್ನು ಎಂದರು.

ನಾನು ಹಿತ್ತಿಲಿಗೆ ಹೋಗಿ ಅತ್ತೆಯನ್ನು ಹಿಡಿದೆ. ಒಂದು ಮಾತು ನಿಜ ಹೇಳಿಬಿಡಿ, ಎಷ್ಟು ದಿನ ಹೀಗೆ ಮೂಕರ ಹಾಗೆ ಇರುತ್ತೀರಿ ಎಂದು ಕೇಳಿದೆ. ಅತ್ತೆ ಬಾವಿಯ ಕಟ್ಟೆಯ ಮೇಲೆ ಕೂತರು.

"ಮಿಷಿನ್ದೇ ತಪ್ಪು ಅಂತ ಇರ್ಲಿ ಬುಡವ್ವ. ನನ್ ಗಂಟ್ಲು ಇಂಗಾಗದೆ ಅಂತ ಗೊತ್ತಾದ್ರೆ, ಯಾಕಾಯ್ತು ಅಂತ ಕೇಳ್ತಾರೆ. ಅದ್ಕೆ ನಾ ಏನಂತ ಏಳ್ಲಿ?"

ನಾನು ಬಾವಿಯಿಂದ ಒಂದು ಕೊಡ ನೀರು ಸೇದಿಕೊಟ್ಟು ಬಂದೆ.

ತಿಂಗಳು ತುಂಬಲು ಒಂದು ದಿನ ಬಾಕಿ ಇರುವಾಗ ಮಾವ ಮೂರನೆಯ ಸಲ ಬಂದರು. ಈ ಸಲ ಅತ್ತೆಯನ್ನೂ ಕರೆತಂದಿದ್ದರು. ಅತ್ತೆ ಬರಲೊಲ್ಲೆ ಎಂದು ಎಷ್ಟು ಕೈ ಬೀಸಿದರೂ ಬಿಟ್ಟಿರಲಿಲ್ಲ. ಆ ಹುಡುಗಿಯ ಮುಂದೆ ಅತ್ತೆಯನ್ನು ಕೂರಿಸಿ, "ರಾಗಿ ಕಾಣ್ದೆ ಕಲ್ಲು ಸರಿ ಮಾಡಾಕಾಯ್ತದಾ? ಅದ್ಕೇ ಕರ್ಕಂಡ್ ಬಂದಿವ್ನಿ. ಇವ್ಳ ದನಿ ಇಟ್ಕಂಡು ಸರಿ ಮಾಡ್ಕೊಡಿ, ಆಗ್ದಿದ್ರೆ ಮಿಷಿನ್ನು ನೀವೇ ಇಟ್ಕಳಿ" ಎಂದು ತೀರ್ಮಾನದ ಮಾತಾಡಿದರು. ಹೆಂಡತಿಯನ್ನು ಸ್ಯಾಂಪಲ್ಲೆಂದು ತಂದವರನ್ನು ಆ ಹುಡುಗಿ ಇದೇ ಮೊದಲು ನೋಡಿರಬೇಕು!

ಅವಳಿಗೆ ಹುರುಪು ಬಂತು. ಪದಗಳ ಪಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟು, ತುಟಿ ಕಾಣದ ಹಾಗೆ ರಟ್ಟು ಅಡ್ಡ ಹಿಡಿದು, ಓದಿ ಎಂದಳು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅತ್ತೆ ನಾಲ್ಕನೆಯ ಕ್ಲಾಸಿನವರೆಗೆ ಓದಿದವರು. ಅಕ್ಷರ ಕೂಡಿಸಿಕೊಂಡು ಅಕ್ಕಿ ಅಂದರು. ಮಾವ ಅಕ್ಕಿ ಅಂದರು. ಆಲು, ಆಲು. ಊವು, ಊವು. ಉಲಿ, ಉಲಿ. ಇಪ್ಪತ್ತೈದಕ್ಕೆ ಇಪ್ಪತ್ತೈದು! ಹುಡುಗಿ ಕೂತಲ್ಲೇ ಚಪ್ಪಾಳೆ ತಟ್ಟಿದಳು. ಮಿಷನ್ನಿನಲ್ಲಿ ಒಂದಿಷ್ಟೂ ಐಬಿಲ್ಲ ಅಜ್ಜ ಎಂದಳು.

ಮಾವ ಒಪ್ಪಲಿಲ್ಲ. ಪದಗಳೇನೋ ಸರಿ, ದನಿ ಅವಳದಲ್ಲ ಎಂದು ತಲೆಯಾಡಿಸಿ, ಮಿಷನ್ನನ್ನು ವಾಪಸು ಕೊಡಲು ಅದರ ಡಬ್ಬಿ ಹುಡುಕುತ್ತಾ ಚೀಲದಲ್ಲಿ ಕೈಯಾಡಿಸತೊಡಗಿದರು. ಆ ಹೊತ್ತಿನಲ್ಲಿ ಹುಡುಗಿ ಅತ್ತೆಯ ಕಡೆ ಬಾಗಿ, ಮೆಲ್ಲಗೆ, ಅಮ್ಮ, ನಿಮ್ಮ ಧ್ವನಿ ಯಾವಾಗಿನಿಂದ ಹೀಗಿದೆ, ಯಾರಿಗಾದರೂ ತೋರಿಸಿದ್ದೀರಾ ಎಂದು ವಿಚಾರಿಸಿದಳು. ಕಾಯಿಲೆಯವರನ್ನು ವಿಚಾರಿಸುವ ಹಾಗೆ ವಿಚಾರಿಸಿದಳು, ಅಷ್ಟೆ. ಅತ್ತೆಯೂ ಯೋಚನೆ ಮಾಡಲಿಲ್ಲ. ಅಷ್ಟು ವರ್ಷ ಗಂಡನ ಎದುರಿಗೇ ಗಂಡನ ವಿಷಯ ಮಾತಾಡಿ ರೂಢಿ. ಇವರಿಗೆಲ್ಲಿ ಕೇಳಿಸುತ್ತದೆ ಅನ್ನುವುದು ಅವರ ಮೈಗೇ ಹತ್ತಿಹೋಗಿತ್ತು. ಮಾವನ ಕಡೆ ಬೆರಳು ಮಾಡಿ, ದನಿ ತಗ್ಗಿಸಿ ಹೇಳಿದರು.

"ಇವ್ರ್ ಕಿವಿ ಓದಾಗ್ನಿಂದ ಕಣವ್ವ. ಕೂಗೀ ಕೂಗೀ ಓಯ್ತು."

ಹೇಳಿದ ಮೇಲೆ ನೆನಪಾಯಿತು. ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಚೀಲದಲ್ಲಿದ್ದ ಮಾವನ ಕೈ ಅಲ್ಲೇ ನಿಂತಿತ್ತು.

ಮಾವ ವಾಪಸಿನ ಮಾತೆತ್ತದೆ ಡಬ್ಬಿಯನ್ನು ಚೀಲದ ತಳಕ್ಕೆ ಹಾಕಿ ಎದ್ದರು. ಹುಡುಗಿಗೆ ಕೈಮುಗಿದರು. ಅವರಿಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಬಸ್ಸು ಹತ್ತಿದೆ. ಅವರ ಹಿಂದಿನ ಸೀಟಿನಲ್ಲಿ ಕೂತೆ. ಮಧುವನಹಳ್ಳಿ ದಾಟಿತು. ಇಬ್ಬರೂ ನೆಟ್ಟಗೆ ಮುಂದೆ ನೋಡಿಕೊಂಡು ಕೂತಿದ್ದರು. ನನಗೆ ಎಂಥ ಕೆಲಸ ಮಾಡಿಬಿಟ್ಟೆನಪ್ಪಾ ಅನ್ನಿಸಿ ಅಳು ಬರುವ ಹಾಗಿತ್ತು. ಕಿವುಡರಾಗಿಯೇ ಇದ್ದಿದ್ದರೆ ಆ ಮನುಷ್ಯನ ಒಳಗೆ ಅತ್ತೆಯ ದನಿ ಚೆನ್ನಾಗಿಯೇ ಇರುತ್ತಿತ್ತಲ್ಲ!

ಹನೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಡ್ರೈವರು ಎಂಜಿನ್ನು ಆಫ್ ಮಾಡಿ ಟೀ ಕುಡಿಯಲು ಇಳಿದರು. ಬಸ್ಸು ನಿಶ್ಶಬ್ದವಾಯಿತು. ಮಾವ ಅತ್ತೆಯ ಕಡೆ ತಿರುಗಿದರು.

"ಅಮ್ಮೀ, ಏನಾರ ಮಾತಾಡು."

"ಏನ್ ಮಾತಾಡ್ಲಿ" ಎಂದು ಅತ್ತೆ ಕೂಗಿದ್ದಕ್ಕೆ ಇಡೀ ಬಸ್ಸು ತಿರುಗಿ ನೋಡಿತು. ಮಾವ ಅವರ ಕೈಮೇಲೆ ಕೈಯಿಟ್ಟು, ಮೆಲ್ಲಗೆ ಮಾತಾಡು ಅಂದರು. ಅತ್ತೆ ಇನ್ನೊಮ್ಮೆ ಬಾಯಿ ತೆರೆದರು. ಮತ್ತೆ ಅದೇ ಕೂಗು ಬಂತು. ಪಾಪ, ನಮ್ಮತ್ತೆಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ನಾಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದರು. ಮಾವ ಬಿಡಲಿಲ್ಲ. ಮಿಷನ್ನು ಇರುವ ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ಒಡ್ಡಿ ಹೇಳಿದರು.

"ಇನ್ನ ಕೂಗ್ಬ್ಯಾಡ. ದನಿ ಎಂಗದೆಯೋ ಅಂಗೇ ಒಂದ್ ಪದ ಆಡು. ನಂಗ್ ಕೇಳ್ಸ್ತದೆ."

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮಾವನ ಕಿವಿಗೆ ಬಾಯಿಟ್ಟರು. ಹಿಂದಿನ ಸೀಟಿನಲ್ಲಿದ್ದ ನಾನು ಎಷ್ಟು ಮುಂದೆ ಬಾಗಿದರೂ ಒಂದು ಪದವೂ ಕೇಳಿಸಲಿಲ್ಲ. ಮಾವ ಕಣ್ಣು ಮುಚ್ಚಿಕೊಂಡು ತಲೆದೂಗುತ್ತಿದ್ದರು.